‘ಆಗೂದಿಲ್ಲ’ ಅನ್ನಲು ಕಲಿತದ್ದು

ಬನಹಟ್ಟಿಯ ನಮ್ಮ ಓಣಿಯಲ್ಲಿ ನನ್ನಷ್ಟು ಬೇಕಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದು ಜಂಬದ ಮಾತಲ್ಲ. ಜಂಬ ಪಡಬೇಕಾದ ಕಾಲಕ್ಕೆ ನಾನು ಬೇಸರಪಟ್ಟುಕೊಂಡು ಕೂತಿದ್ದೆ. ಜಂಬ ಪಡಬೇಕಾಗಿತ್ತು ಎಂದು ತಿಳಿಯುವ ಹೊತ್ತಿಗೆ ಓಣಿಯವರು ಬೇರೆಯವರನ್ನು ನೋಡಿಕೊಂಡಿದ್ದರು!

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ನಾನು ಊರಿನ ಒಬ್ಬ ನೂಲಿನ ಸಾವಕಾರರ ಅಂಗಡಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಅಂಗಡಿ ಕೆಲಸದ ಮೇಲೆ ಜಮಖಂಡಿಗೆ ಹೋಗಿ ಬರುತ್ತಿದ್ದೆ. ನಾನು ಹೊರಡುವ ದಿನ ನನಗಿಂತ ಮೊದಲು ಓಣಿಗೆ ಗೊತ್ತಿರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದರೆ ಕಟ್ಟೆಯ ಮೇಲೆ ಮಂದಿ ಕಾಯ್ದು ಕೂತಿರುತ್ತಿದ್ದರು.

ಪಕ್ಕದ ಮನೆಯ ಶಿವವ್ವ ಆಯಿಗೆ ಮೂಗಿಗೇರಿಸಲು ತಪಕೀರು ಬೇಕು. ತಪಕೀರು ಬನಹಟ್ಟಿಯಲ್ಲೂ ಸಿಗುತ್ತಿತ್ತು. ಆದರೆ ಜಮಖಂಡಿಯ ತಪಕೀರಿಗೆ ಸೀನು ಮೂರು ಮನೆ ಆಚೆಗೆ ಕೇಳುತ್ತದೆಂದು ಆಕೆಯ ನಂಬಿಕೆ. ಎದುರು ಮನೆಯ ಗುರುಸಿದ್ದಪ್ಪ ಕಾಕಾನಿಗೆ ನೀಲಿ ಬಣ್ಣ ಬೇಕು. ಅವರು ಓಣಿಯಲ್ಲೇ ಹೆಸರಾದ ನೇಕಾರರು. ಆ ನೀಲಿ ಎಂಥದಿರಬೇಕು ಎಂದು ಆಕಾಶದ ಕಡೆ ಕೈ ಮಾಡಿ ತೋರಿಸುತ್ತಿದ್ದರು. ನಾನು ತಂದುಕೊಡುವಷ್ಟರಲ್ಲಿ ಆಕಾಶದ ಬಣ್ಣ ಬದಲಾಗಿರುತ್ತಿತ್ತು. ಒಬ್ಬರಿಗೆ ಚಷ್ಮಾ ರಿಪೇರಿ, ಇನ್ನೊಬ್ಬರಿಗೆ ಕೂಸಿನ ಔಷಧ. ಒಮ್ಮೆ ಹಿಂದಿನ ಓಣಿಯವನೊಬ್ಬ ಬಂದು, “ಬರೂಮುಂದ ನಮ್ಮ ಅತ್ತಿನ್ನ ಕರಕೊಂಡು ಬಂದಬಿಡ್ರಿ” ಎಂದ. ಕರಕೊಂಡು ಬಂದೆ. ಹಾದಿಯುದ್ದಕ್ಕೂ ಆಕೆ ಅಳಿಯನನ್ನು ಬೈದಳು. ಕೇಳಿಸಿಕೊಂಡವನು ನಾನು!

ನನಗೂ ಒಂದು ಸ್ವಂತದ ಕೆಲಸವಿತ್ತು. ನಮ್ಮದು ನೇಕಾರರ ಮನೆ. ಅಪ್ಪನ ಕುಣಿಮಗ್ಗ ಪಡಸಾಲೆಯಲ್ಲಿ ಹಾಗೆಯೇ ಇತ್ತು. ಒಮ್ಮೆ ಕೃಷ್ಣಾ ಹೊಳೆ ತುಂಬಿ ಹರಿಯುವಾಗ ದಂಡೆಯಲ್ಲಿ ನಿಂತು ನೋಡಿದ್ದೆ. ಆ ತೆರೆಗಳನ್ನು ಸೀರೆಯ ಅಂಚಿನ ದಡಿಯಲ್ಲಿ ಇಳಿಸಬೇಕೆಂಬ ಹುಚ್ಚು ಅಂದಿನಿಂದ ಹತ್ತಿತ್ತು. ಸಮುದ್ರದ ತೆರೆ ನೋಡಿದ್ದರೆ ಇನ್ನೂ ಛಲೋ ಆಗುತ್ತಿತ್ತು, ಆದರೆ ಬನಹಟ್ಟಿಯವರಿಗೆ ಸಮುದ್ರ ಎಲ್ಲಿಂದ ಬರಬೇಕು? ದಡಿಯ ಎಳೆಗಳನ್ನು ಕೈಯಿಂದ ಎತ್ತಿ ಎತ್ತಿ ಹೆಣೆಯುವ ನಿಧಾನದ ಕೆಲಸ ಅದು. ಗೇಣುದ್ದ ನೇಯ್ದು ಬಿಟ್ಟಿದ್ದೆ. ಆ ಗೇಣಿನ ಮೇಲೆ ಈಗ ಜೇಡ ತನ್ನ ನೇಯ್ಗೆ ನಡೆಸಿತ್ತು, ನನಗಿಂತ ಚುರುಕಾಗಿ.

“ನಿಮ್ಮ ಸೀರಿ ಯಾವಾಗ ಮುಗೀತೈತಿ ಹೇಳ್ರಿ,” ಎಂದು ನನ್ನ ಹೆಂಡತಿ ಗಂಗವ್ವ ಕೇಳುತ್ತಿದ್ದಳು. “ನಾ ಉಡೂದೋ, ನಮ್ಮ ಸೊಸಿ ಉಡೂದೋ?”

ಆಗ ನಮಗೆ ಮಕ್ಕಳೇ ಆಗಿರಲಿಲ್ಲ!

ಇಂಥ ದಿನಗಳಲ್ಲಿ ಊರಿನ ವಾಚನಾಲಯದಲ್ಲಿ ಒಂದು ಭಾಷಣವಾಯಿತು. ವಿಷಯ: ಬಾಳಿಗೊಂದು ಅರ್ಥ. ಭಾಷಣಕಾರರು ಪುಣೆಯ ಕಡೆಯಿಂದ ಬಂದವರು. ಕಪ್ಪು ಕೋಟು, ಬಿಳಿ ಧೋತರ, ಗಟ್ಟಿ ದನಿ. ಮೇಜನ್ನು ಗುದ್ದಿ ಹೇಳಿದರು: “ಸಜ್ಜನರೇ, ನಿಮ್ಮ ಬಾಳನ್ನು ನುಂಗುತ್ತಿರುವುದು ನಿಮ್ಮ ‘ಆಗಲಿ’ ಎಂಬ ಮಾತು! ಯಾರಾದರೂ ಕೆಲಸ ಹೇಳಲು ಬಾಯಿ ತೆರೆದ ಕೂಡಲೇ ‘ಆಗುವುದಿಲ್ಲ’ ಎನ್ನಿರಿ. ಪೂರ್ತಿ ಕೇಳಿಸಿಕೊಂಡಿರೋ, ಸೋತಿರಿ! ಉಳಿದ ಹೊತ್ತನ್ನು ನಿಮ್ಮ ನಿಜವಾದ ಕೆಲಸಕ್ಕೆ ಕೊಡಿರಿ!”

ಅವರು ನನ್ನನ್ನೇ ನೋಡಿ ಹೇಳಿದಂತಾಯಿತು. ಎದೆ ತುಂಬಿ ಬಂತು. ಭಾಷಣ ಮುಗಿದ ಮೇಲೆ ಹತ್ತಿರ ಹೋಗಿ ಕೈಮುಗಿದೆ. ಅವರು ಸಂತೋಷಪಟ್ಟು, “ಈ ಹಾಸಿಗೆಯ ಸುರುಳಿಯನ್ನು ಮೋಟಾರು ನಿಲ್ಲುವಲ್ಲಿಗೆ ಮುಟ್ಟಿಸುತ್ತೀರಾ?” ಎಂದರು.

“ಆಗಲಿರಿ,” ಎಂದೆ. ಹೊತ್ತುಕೊಂಡು ಹೋಗಿ ಮುಟ್ಟಿಸಿದೆ. ಸುಧಾರಣೆ ಮರುದಿನದಿಂದ ಎಂದು ಮನಸ್ಸಿಗೆ ಹೇಳಿಕೊಂಡೆ.

ಮರುದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ಹುಬ್ಬು ಗಂಟಿಕ್ಕಿ: “ಆಗೂದಿಲ್ಲ!”

“ಏನ ಆಗೂದಿಲ್ರಿ?” ಗಂಗವ್ವ ಅಡಿಗೆಮನೆಯಿಂದ ಇಣುಕಿದಳು. “ಇರಲಿ, ಮ್ಯಾಲಿನ ಉಪ್ಪಿನಕಾಯಿ ಭರಣಿ ಒಂದೀಟ ಇಳಸಿ ಕೊಡ್ರಿ.”

“ಆಗೂದಿಲ್ಲ.”

ಆಕೆ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರಾ ಏನೂ ಇಲ್ಲ,” ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡು, ಸ್ಟೂಲು ಎಳೆದು, ಹತ್ತಿ, ಭರಣಿಯನ್ನು ತಾನೇ ಇಳಿಸಿಕೊಂಡಳು. ಊಟಕ್ಕೆ ಕೂತಾಗ ನನ್ನ ತಾಟಿನಲ್ಲಿ ರೊಟ್ಟಿ ಇತ್ತು, ಪಲ್ಯ ಇತ್ತು, ಉಪ್ಪಿನಕಾಯಿ ಇರಲಿಲ್ಲ. ಕೇಳಬೇಕೆನಿಸಿತು. ಏನು ಉತ್ತರ ಬರುತ್ತದೆಂದು ಗೊತ್ತಿದ್ದರಿಂದ ಕೇಳಲಿಲ್ಲ.

ಆ ವಾರ ಕಟ್ಟೆಯ ಮೇಲೆ ಕೂತವರಿಗೆಲ್ಲ ಸುಧಾರಣೆಯ ರುಚಿ ತೋರಿಸಿದೆ. ಶಿವವ್ವ ಆಯಿ ತನ್ನ ತಗಡಿನ ಡಬ್ಬಿ ಚಾಚಿ, “ಮಲ್ಲೂ, ತಮ್ಮಾ—” ಎನ್ನುವಷ್ಟರಲ್ಲೇ, “ಆಗೂದಿಲ್ಲ ಆಯಿ,” ಎಂದುಬಿಟ್ಟೆ. ಆಕೆ ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು. ಸಿಟ್ಟು ಮಾಡಲಿಲ್ಲ. “ಹೌದಾ? ಆತು ತಗೋ,” ಎಂದಳು, ಅಷ್ಟೇ. ಗುರುಸಿದ್ದಪ್ಪ ಕಾಕಾ ಆಕಾಶದ ಕಡೆ ಎತ್ತಿದ ಕೈಯನ್ನು ಇಳಿಸಿ, ತಲೆ ಕೆರೆದುಕೊಂಡು ಒಳಗೆ ಹೋದರು. ಎರಡು ಮೂರು ವಾರಗಳಲ್ಲಿ ಕಟ್ಟೆ ಬರಿದಾಯಿತು. ಎಷ್ಟು ಸುಲಭ! ಇಷ್ಟು ವರ್ಷ ಈ ಒಂದು ಮಾತಿಲ್ಲದೆ ನಾನು ಹೇಗೆ ಬದುಕಿದೆ ಎಂದು ಆಶ್ಚರ್ಯಪಟ್ಟೆ.

ಖರೆ ಹೇಳಬೇಕೆಂದರೆ ಆ ತಿಂಗಳುಗಳು ಛಲೋ ಇದ್ದವು. ಜೇಡನನ್ನು ಒಕ್ಕಲೆಬ್ಬಿಸಿ ಮಗ್ಗಕ್ಕೆ ಕೂತೆ. ಬೆಳಗಿನ ಹೊತ್ತು ಲಾಳಿಯ ಸಪ್ಪಳ ನಮ್ಮ ಮನೆಯಿಂದಲೂ ಕೇಳತೊಡಗಿತು. ದಡಿಯಲ್ಲಿ ಹೊಳೆಯ ತೆರೆಗಳು ಒಂದರ ಹಿಂದೆ ಒಂದು ಎದ್ದವು. ಮಗ್ಗದ ಮೇಲಿದ್ದ ಹಾಸು, ಅಂದರೆ ಉದ್ದದ ಎಳೆಗಳು, ಒಂದೇ ಸೀರೆಗೆ ಸಾಲುವಷ್ಟಿತ್ತು. ಆ ಒಂದು ಸೀರೆ ಮುಗಿದ ದಿನ ಗಂಗವ್ವ ಅದನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಕೆ ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಂಗಡಿಗೆ ಒಯ್ದು ಸಾವಕಾರರಿಗೆ ತೋರಿಸಿದೆ. ದಡಿಯನ್ನು ಬೆರಳಿನಿಂದ ಸವರಿ, “ಹೂಂ,” ಎಂದರು. ನಮ್ಮ ಸಾವಕಾರರ ಬಾಯಿಂದ “ಹೂಂ” ಬರುವುದೆಂದರೆ ಬೇರೆಯವರ ಬಾಯಿಂದ ಅರ್ಧ ತಾಸಿನ ಹೊಗಳಿಕೆ ಬಂದಂತೆ.

ಕೆಲವು ದಿನಗಳ ಮೇಲೆ ನಾನು ನೂಲಿನ ಗಂಟು ತೂಗಿಸುತ್ತಿದ್ದಾಗ ಅವರು ಗಾದಿಯ ಮೇಲಿಂದ ಕರೆದರು.

“ಲೇ ಮಲ್ಲಪ್ಪ, ಬಾ ಇಲ್ಲಿ. ನಿನಗೊಂದು ಕೆಲಸ ಹೇಳಬೇಕಂತ ಮಾಡೇನಿ. ಮುಂದಿನ ವಾರ—”

“ಆಗೂದಿಲ್ರಿ, ಸಾವಕಾರ್ರ.”

ನಾನು ಬಿಟ್ಟು ಬಂದ ತಕ್ಕಡಿ ತೂಗಾಡುತ್ತಿತ್ತು. ಇನ್ನೊಬ್ಬ ಗುಮಾಸ್ತ ದುಂಡಪ್ಪ ನನ್ನನ್ನೇ ಕಣ್ಣು ಬಿಟ್ಟು ನೋಡುತ್ತಿದ್ದ. ಅವನು ನಮ್ಮ ಓಣಿಯವನೇ, ನನಗಿಂತ ಚಿಕ್ಕವನು, ಯಾವ ಭಾಷಣವನ್ನೂ ಕೇಳಿದವನಲ್ಲ.

“ಪೂರಾ ಕೇಳು ಮೊದಲ,” ಎಂದರು ಸಾವಕಾರರು.

ಪೂರಾ ಕೇಳಿದರೆ ಸೋತಂತೆ! “ಕೇಳಿದ್ರೂ ಅಷ್ಟರಿ. ನನಗ ನನ್ನ ಕೆಲಸ ಐತಿ,” ಎಂದೆ. ನನ್ನ ದನಿ ನನಗೇ ಗಂಭೀರವಾಗಿ ಕೇಳಿಸಿತು. ಮೇಜಿದ್ದರೆ ಗುದ್ದುತ್ತಿದ್ದೆನೋ ಏನೋ!

ಸಾವಕಾರರು ನನ್ನನ್ನು ಒಂದು ಗಳಿಗೆ ನೋಡಿದರು. “ಆತು ಬಿಡು. ಒಲ್ಲೆ ಅಂದಾಂವನ್ನ ನಾ ಎಂದೂ ಎಳದಾಡಿಲ್ಲ,” ಎಂದು ದುಂಡಪ್ಪನನ್ನು ಹತ್ತಿರ ಕರೆದರು. ನಾನು ಗೆದ್ದವನಂತೆ ಹೋಗಿ ತಕ್ಕಡಿ ಹಿಡಿದೆ.

ಎರಡು ದಿನ ಬಿಟ್ಟು ದುಂಡಪ್ಪ ಮನೆಗೆ ಬಂದ. ಹೊಸ ಟೋಪಿ, ಇಸ್ತ್ರಿ ಮಾಡಿದ ಅಂಗಿ.

“ಅಣ್ಣಾರ, ಆ ನಿಮ್ಮ ಸೀರಿ ಕೊಡ್ರಿ. ಸಾವಕಾರ್ರು ಒಯ್ಯಾಕ ಹೇಳ್ಯಾರ.”

“ಎಲ್ಲಿಗೆ?”

“ಮುಂಬಯಿಗಿರಿ! ಅಲ್ಲಿ ಕೈಮಗ್ಗದ ಸೀರಿ ಎಲ್ಲಾ ತೋರಸೂದು ಇಟ್ಟಾರಂತ. ನಿಮ್ಮನ್ನ ಕಳಸಬೇಕಂತಿದ್ರು. ನೇಯ್ದಾಂವನ ಹೋದ್ರ ಛಲೋ ಅಂತ. ನೀವು ಆಗೂದಿಲ್ಲ ಅಂದ್ರೆಲ್ಲಾ, ಅದಕ್ಕ ನನ್ನ ಪಾಳಿ ಬಂತು.”

ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು, ಒಳಗೆ ಹೋದಳು, ಸೀರೆ ತಂದು ದುಂಡಪ್ಪನ ಕೈಗೆ ಕೊಟ್ಟಳು.

ಅವನು ಹೋದ ಮೇಲೆ ಸಾವಕಾರರ ಮನೆಗೆ ಓಡಿದೆ. ಧೋತರದ ಚುಂಗು ಕಾಲಿಗೆ ಸಿಕ್ಕು ಅವರ ಕಟ್ಟೆಯ ಮೇಲೆ ಬಿದ್ದೇ ಒಳಗೆ ಹೋದೆ.

“ಸಾವಕಾರ್ರ, ನಾ ಹೋಗತೇನ್ರಿ ಮುಂಬಯಿಗೆ!”

“ಟಿಕೀಟ ತಗಸೇನಿ ಅವನ ಹೆಸರಿಲೆ. ಅವರ ಅವ್ವ ಬುತ್ತಿ ಕಟ್ಯಾಳಂತ. ಈಗ ಬ್ಯಾಡ ಅಂತ ಹೆಂಗ ಅನ್ನಲಿ?” ಎಂದರು. ಆಮೇಲೆ ನನ್ನ ಮೊಣಕಾಲಿನ ರಕ್ತ ನೋಡಿ, “ಪೂರಾ ಕೇಳು ಅಂದಿದ್ದೆ ನಾ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಹೀಗೆ ನನ್ನ ತೆರೆಗಳು ಸಮುದ್ರ ನೋಡಲು ಹೋದವು. ನಾನು ಬನಹಟ್ಟಿಯಲ್ಲಿ ಉಳಿದೆ.

ದುಂಡಪ್ಪ ತಿರುಗಿ ಬಂದಾಗ ಅರ್ಧ ಓಣಿ ಅವನ ಸುತ್ತ ಕೂತಿತ್ತು. ಟ್ರಾಮಿನ ಸುದ್ದಿ, ಮಹಡಿಯ ಮೇಲೆ ಮಹಡಿಯ ಸುದ್ದಿ. ನಾನು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ. ತಡೆಯಲಾಗದೆ ಕೇಳಿದೆ: “ಸಮುದ್ರ ಹೆಂಗಿತ್ತೋ?”

“ನೀವು ನೇಯ್ದಂಗ ಇಲ್ರಿ ಅಣ್ಣಾರ,” ಎಂದ ಅವನು, ಪಾಪ, ಬಹಳ ಪ್ರಾಮಾಣಿಕವಾಗಿ. “ಖರೆ ತೆರಿ ಭಾಳ ಅಡ್ಡಾದಿಡ್ಡಿ ಇರತಾವ. ಆದ್ರ ನಿಮ್ಮ ಸೀರಿ ಮಂದಿ ನಿಂತ ನಿಂತ ನೋಡಿದ್ರು. ಯಾರು ನೇಯ್ದಾರಂತ ಕೇಳಿದ್ರು.”

“ನೀ ಏನಂದಿ?”

“ನಮ್ಮೂರಾಂವ ಅಂದೆ.”

ಒಂದು ಸಮಾಧಾನದ ಸುದ್ದಿಯೂ ಇತ್ತು. ಅಲ್ಲಿಯ ಒಬ್ಬ ವ್ಯಾಪಾರಿ ಅಂಥವೇ ಸೀರೆಗಳು ಇನ್ನಷ್ಟು ಬೇಕೆಂದಿದ್ದ, ಅದೂ ಬೇಗ. ಸಾವಕಾರರು ನನ್ನನ್ನು ಕರೆದರು. ಈ ಸಲ ನಾನು ಅವರು ಬಾಯಿ ತೆರೆಯುವ ಮೊದಲೇ, “ಆಗತೈತ್ರಿ!” ಎಂದೆ. “ಪೂರಾ ಕೇಳಲೇ ಮಾರಾಯಾ,” ಎಂದು ಅವರು ಹಣೆ ಹಿಡಿದುಕೊಂಡರು.

ಹೊಸ ಸೀರೆಗಳಿಗೆ ಹೊಸ ಹಾಸು ಬೇಕು. ಹಾಸಿನ ಕೆಲಸ ಮನೆಯೊಳಗೆ ಆಗುವಂಥದಲ್ಲ. ನಸುಕಿನಲ್ಲಿ ಎಳೆಗಳನ್ನೆಲ್ಲ ಓಣಿಯುದ್ದಕ್ಕೂ ಬಿಗಿದು ಕಟ್ಟಬೇಕು, ಜೋಳದ ಹಿಟ್ಟಿನ ಗಂಜಿ ಹಚ್ಚಿ ಕುಂಚದಿಂದ ತೀಡಬೇಕು, ಬಿಸಿಲೇರುವಷ್ಟರಲ್ಲಿ ಒಣಗಿಸಿ ಸುತ್ತಬೇಕು. ಇಬ್ಬರಿಂದ ಆಗುವುದಿಲ್ಲ. ಯಾವ ಮನೆಯ ಹಾಸಾದರೂ ಓಣಿಗೆ ಓಣಿಯೇ ಬಂದು ನಿಲ್ಲುವುದು ನಮ್ಮಲ್ಲಿ ವಾಡಿಕೆ.

ಕರೆಯಲು ಹೋದೆ. ಗುರುಸಿದ್ದಪ್ಪ ಕಾಕಾ ಮಗ್ಗದಿಂದ ತಲೆ ಎತ್ತಿದರು.

“ನಾಳೆ ಹಾಸು ಹಾಕಾಕತ್ತೇನ್ರಿ ಕಾಕಾ.”

“ಹೌದಾ? ಛಲೋ ಆತು. ನಾನೂ ನಾಳೆ ಬಣ್ಣ ತರಾಕ ಜಮಖಂಡಿಗೆ ಹೊಂಟೇನೋ. ಈಗ ನಾನ ಹೋಗಿ ತರೂದು ರೂಢಿ ಮಾಡೇನಿ. ಮೊದಲ ಹೇಳಿದ್ರ ಇರತಿದ್ದೆ.”

ಮುಂದಿನ ಮನೆಯವನು ಔಷಧ ತರಲು ಹೋಗುವವನಿದ್ದ. ಹಿಂದಿನ ಓಣಿಯವನು ಅತ್ತೆಯನ್ನು ಕರೆತರಲು. ಒಬ್ಬರೂ ಸೇಡಿನಿಂದ ಹೇಳಲಿಲ್ಲ, ಒಬ್ಬರ ಮುಖದಲ್ಲೂ ವ್ಯಂಗ್ಯವಿರಲಿಲ್ಲ. ನಾನು ಮಾಡುತ್ತಿದ್ದ ಕೆಲಸಗಳನ್ನು ಅವರವರೇ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಎಲ್ಲರಿಗೂ ಅವರವರ ಕೆಲಸ ಇತ್ತು! ನಾನೇ ಹಚ್ಚಿಕೊಟ್ಟದ್ದು.

“ನಾವಿಬ್ಬರ ಹಾಕೂನು ಬಾ,” ಎಂದೆ ಗಂಗವ್ವನಿಗೆ.

“ಇಬ್ಬರ ಕಡಿಂದ ಎಲ್ಲಿ ಹಾಸು ಆಕ್ಕೈತ್ರಿ?”

“ಮನುಷ್ಯ ಮನಸ್ಸು ಮಾಡಿದ್ರ—” ಎಂದು ಶುರು ಮಾಡಿದೆ.

“ಆ ಭಾಷಣ ಬ್ಯಾಡ್ರಿ,” ಎಂದಳು.

ನಸುಕಿನಲ್ಲಿ ಹಾಕಿದೆವು. ಈ ತುದಿಗೆ ನಾನು, ಆ ತುದಿಗೆ ಅವಳು, ನಡುವೆ ಓಣಿಯುದ್ದದ ಎಳೆಗಳು. ಗಂಜಿ ಹಚ್ಚಿದ್ದೂ ಆಯಿತು. ಬಾಗಿಲಲ್ಲಿ ನಿಂತು ಶಿವವ್ವ ಆಯಿ ನೋಡುತ್ತಿದ್ದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ನಡುವೆ ಸ್ವಲ್ಪ ಜೋಲು ಬಿದ್ದಿತ್ತು, ಅದು ಬಿಟ್ಟರೆ.

ಆಗ ಓಣಿಯ ತಿರುವಿನಲ್ಲಿ ಗಂಟೆಯ ಸಪ್ಪಳ ಕೇಳಿಸಿತು. ರನ್ನ ಬೆಳಗಲಿ ಕಡೆಯ ಕುರುಬರು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೊರಟಿದ್ದರು. ಇದೇನು ಹೊಸದಲ್ಲ. ಕುರಿ ಬಂದರೆ ಹಾಸಿನ ಉದ್ದಕ್ಕೂ ನಿಂತ ಮಂದಿ ಎಳೆಗಳನ್ನು ತಲೆಗಿಂತ ಮೇಲೆ ಎತ್ತುತ್ತಾರೆ, ಕುರಿಗಳು ಅಡಿಯಿಂದ ಹಾದು ಹೋಗುತ್ತವೆ. ನೋಡಲು ಚೆಂದ.

“ಎತ್ರಿ! ಎತ್ರೀ ಯಪ್ಪಾ!” ಎಂದು ಕುರುಬ ದೂರದಿಂದಲೇ ಕೂಗಿದ.

ನಾನು ಎತ್ತಿದೆ. ಗಂಗವ್ವ ಎತ್ತಿದಳು. ಎರಡು ತುದಿಗಳು ಮೇಲೇರಿದವು. ನಡುವು ಇನ್ನಷ್ಟು ಕೆಳಗಿಳಿಯಿತು!

ಮುಂದಿನ ಕುರಿ ಮೂಗು ಚಾಚಿ ಗಂಜಿಯ ವಾಸನೆ ನೋಡಿತು. ನೆಕ್ಕಿತು. ನಿಂತುಬಿಟ್ಟಿತು. ಹಿಂದಿನವೂ ಬಂದು ನೆಕ್ಕತೊಡಗಿದವು. ಅವುಗಳ ಹಿಂದಿನವು ಮುಂದಿನವುಗಳ ಮೇಲೆ ಏರಿದವು. ಕುರುಬನು ಬೀರಪ್ಪ ದೇವರ ಹೆಸರು ಹೇಳಿ ಕೋಲು ಬೀಸಿದ. ಕುರಿಗಳು ಬೆದರಿ ಓಡಿದವು, ಅಡಿಯಿಂದಲ್ಲ, ನಡುವಿನಿಂದ! ನನ್ನ ಹೊಸ ಹಾಸು ಹತ್ತಿಪ್ಪತ್ತು ಕುರಿಗಳ ಕೊರಳು, ಕಾಲು, ಕೊಂಬುಗಳಿಗೆ ಸುತ್ತಿಕೊಂಡು ಹೊಳೆಯ ಕಡೆ ಹೊರಟಿತು. ತುದಿ ಬಿಡಬಾರದೆಂದು ಹಿಡಿದ ನಾನೂ ಹೊರಟೆ.

ಸಪ್ಪಳಕ್ಕೆ ಓಣಿಯೆಲ್ಲ ಹೊರಗೆ ಓಡಿ ಬಂತು. ಜಮಖಂಡಿಗೆ ಹೊರಟಿದ್ದ ಗುರುಸಿದ್ದಪ್ಪ ಕಾಕಾ ಚೀಲ ಬಿಸಾಕಿ ಬಂದರು. ಶಿವವ್ವ ಆಯಿ ಆ ವಯಸ್ಸಿನಲ್ಲಿ ಕೋಲು ಹಿಡಿದು ಒಂದು ಟಗರಿಗೆ ಅಡ್ಡ ನಿಂತಳು. ಯಾರನ್ನೂ ಯಾರೂ ಕರೆದಿರಲಿಲ್ಲ. ಕುರಿಗಳನ್ನು ಬಿಡಿಸಿದರು, ನನ್ನನ್ನು ಬಿಡಿಸಿದರು, ಮಣ್ಣು ಜಾಡಿಸಿದರು. ಎಳೆಗಳನ್ನು ಮಾತ್ರ ಬಿಡಿಸಲು ಆಗಲಿಲ್ಲ. ಗಂಗವ್ವ ಆ ಸಿಕ್ಕಿನ ರಾಶಿಯನ್ನು ಅಪ್ಪಿಕೊಂಡು ಕಟ್ಟೆಯ ಮೇಲೆ ಕೂತಳು. ಆಕೆ ಮಾತಾಡದೆ ಕೂತದ್ದು ಅದು ಎರಡನೆಯ ಸಲ. ಮೊದಲಿನ ಸಲದಂತಿರಲಿಲ್ಲ.

ಇನ್ನೊಂದು ಹಾಸು ಮಾಡುವಷ್ಟು ಹೊತ್ತೂ ನೂಲೂ ಇರಲಿಲ್ಲ. ಸಾವಕಾರರು ಆ ಸೀರೆಗಳನ್ನು ಮಗ್ಗದ ಮೇಲೆ ಹಾಸು ಸಿದ್ಧವಿದ್ದ ಗುರುಸಿದ್ದಪ್ಪ ಕಾಕಾನಿಗೆ ವಹಿಸಿದರು. ಕಾಕಾ ಸಂಜೆ ಬಂದು ಬಾಗಿಲ ಹೊರಗೇ ನಿಂತು ಕೇಳಿದರು, “ಮಲ್ಲೂ, ಆ ತೆರಿ ಹೆಂಗ ಎಬ್ಬಸೂದು ಒಂದೀಟ ತೋರಸತೀಯೇನು? ನಿನಗ ತ್ರಾಸ ಆಗೂದಾದ್ರ ಬ್ಯಾಡ.”

ಹೋಗಿ ತೋರಿಸಿಕೊಟ್ಟೆ. ಅವರ ಕೈಯಲ್ಲಿ ತೆರೆಗಳು ನನಗಿಂತ ಛಲೋ ಎದ್ದವು. ಸುಳ್ಳು ಯಾಕೆ ಹೇಳಲಿ? ಆ ದಡಿಗೆ ಪೇಟೆಯಲ್ಲಿ ಗುರುಸಿದ್ದಪ್ಪನ ದಡಿ ಎಂದು ಹೆಸರಾಯಿತು.

ನಾನು ಹಳೆಯ ಮನುಷ್ಯನಾಗಲು ಪ್ರಯತ್ನಪಟ್ಟೆ. ಜಮಖಂಡಿಗೆ ಹೋಗುವ ದಿನ ಈಗ ನಾನೇ ಮನೆಮನೆಗೆ ಹೋಗಿ ಕೇಳುತ್ತಿದ್ದೆ.

“ಆಯಿ, ಹೊಂಟೇನಿ. ತಪಕೀರು ತರಲೇನು?”

“ಬ್ಯಾಡೋ ತಮ್ಮಾ. ನಿನಗ ಕೆಲಸ ಇರತಾವ. ದುಂಡಪ್ಪ ತಂದಕೊಡತಾನು,” ಎನ್ನುವಳು ಶಿವವ್ವ ಆಯಿ, ಬಹಳ ಮರ್ಯಾದೆಯಿಂದ. ಅಷ್ಟು ಮರ್ಯಾದೆಯನ್ನು ಆಕೆ ನನಗೆ ಮೊದಲು ಎಂದೂ ಕೊಟ್ಟಿರಲಿಲ್ಲ. ಮೊದಲಾದರೆ ತಡವಾಗಿ ತಂದದ್ದಕ್ಕೆ “ಎಲ್ಲಿ ಹಾಳಾಗಿ ಹೋಗಿದ್ದಿ ಲೇ?” ಎಂದು ಬೈಯುತ್ತಿದ್ದಳು. ಆ ಬೈಗುಳ ಮತ್ತೆ ಕಿವಿಗೆ ಬೀಳಲೆಂದು ನಾನು ಎಷ್ಟು ಆಸೆಪಟ್ಟೆನೆಂದು ಯಾರಿಗೆ ಹೇಳಲಿ?

ಆ ವರ್ಷದ ಕೊನೆಗೊಮ್ಮೆ ಜಮಖಂಡಿಯ ಮೋಟಾರಿನಲ್ಲಿ ಕೂತಿದ್ದೆ. ಕಿಟಕಿಯ ಪಕ್ಕದ ಛಲೋ ಜಾಗ. ಹೊರಡುವ ಮೊದಲು ಗುರುತಿಲ್ಲದ ಒಬ್ಬ ಮನುಷ್ಯ ಹತ್ತಿ ಬಂದು, ನನ್ನ ಮುಂದಿನ ಸೀಟಿನ ಮೇಲೆ ಟಾವೆಲ್ ಹಾಸಿ, “ಯಪ್ಪಾ, ಇದೊಂದ ಜಾಗಾ ಹಿಡೀರಿ, ಚಾ ಕುಡದು ಬರತೇನಿ,” ಎಂದ.

ಎಷ್ಟು ತಿಂಗಳಾಗಿತ್ತು ಒಬ್ಬರು ನನಗೊಂದು ಕೆಲಸ ಹೇಳಿ! “ಹೋಗಿ ಬರ್ರಿ! ಸಾವಕಾಶ ಕುಡೀರಿ! ನಾ ಅದೇನಿ!” ಎಂದೆ. ಆ ಮನುಷ್ಯ ಸ್ವಲ್ಪ ಹೆದರಿಯೇ ಇಳಿದ.

ಮಂದಿ ನುಗ್ಗಿದರು. ಒಬ್ಬ ಟಾವೆಲ್ ಎತ್ತಲು ಬಂದ. ನಾನು ಎದ್ದು ನಿಂತು ತಡೆದೆ. ಕಬ್ಬಿನ ಗಳ ಹಿಡಿದ ಸಾವಳಗಿಯವನೊಬ್ಬ ಜಗಳಕ್ಕೆ ನಿಂತ; ನಾನೂ ನಿಂತೆ. ಕಂಡಕ್ಟರ್ ಬಂದು, “ಯಾರದ್ರೀ ಈ ಜಾಗಾ?” ಎಂದ. “ಹಿರಿಯರು ಒಬ್ಬರು ಬರಾಕತ್ತಾರ,” ಎಂದೆ. ಮೋಟಾರು ಹೊರಟಿತು. ಹಿರಿಯರು ಬರಲಿಲ್ಲ. ತಿರುಗಿ ನೋಡಿದರೆ ನನ್ನ ಕಿಟಕಿಯ ಜಾಗದಲ್ಲಿ ಸಾವಳಗಿಯವನು ಕೂತು ಕಬ್ಬು ಸಿಗಿಯುತ್ತಿದ್ದ.

ಮುಂದಿನ ಸೀಟಿನಲ್ಲಿ ಕೂತುಬಿಡಬಹುದಿತ್ತು. ಆದರೆ ಮಾತು ಕೊಟ್ಟಿದ್ದೆನಲ್ಲ! ಹಾದಿಯಲ್ಲಿ ಎಲ್ಲಾದರೂ ಹತ್ತಿಯಾನು ಎಂದುಕೊಂಡು, ಖಾಲಿ ಸೀಟಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಮೇಲಿನ ಸರಳು ಹಿಡಿದು, ಜಮಖಂಡಿಯವರೆಗೆ ನಿಂತೇ ಹೋದೆ. ಕೂತವರೆಲ್ಲ ನನ್ನನ್ನೂ ಸೀಟನ್ನೂ ನೋಡುತ್ತಿದ್ದರು.

ಜಮಖಂಡಿಯಲ್ಲಿ ಮಂದಿ ಇಳಿಯತೊಡಗಿದಾಗ ಡ್ರೈವರನ ಪಕ್ಕದ ಮೆತ್ತನೆಯ ಜಾಗದಿಂದ ಒಬ್ಬ ಮನುಷ್ಯ ಮೈಮುರಿದು ಎದ್ದ. ಅವನೇ! ನೆಟ್ಟಗೆ ನನ್ನ ಹತ್ತಿರ ಬಂದು, ಸೀಟಿನ ಮೇಲಿನ ಟಾವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು, ಸೀಟಿನ ಮೇಲಿದ್ದ ನನ್ನ ಕೈಯನ್ನು ನೋಡಿದ.

“ಅಯ್ಯ, ಇನ್ನೂ ಹಿಡಕೊಂಡ ನಿಂತೀರೇನ್ರೀ?” ಎಂದ.